ಹೊಸ ರೈಫಲ್ ಆಮೇಲೆ, ಮೊದಲು ಇದ್ದದ್ದರ ತಿರುಪು ತಿರುಗಿಸಿ

ಮೈಸೂರಿನಲ್ಲಿ ಮಕ್ಕಳನ್ನು ಏರ್ ರೈಫಲ್ ತರಬೇತಿಗೆ ಸೇರಿಸಿದ ಪೋಷಕರು ಬಹುಬೇಗ ಕೇಳುವ ಪ್ರಶ್ನೆ ಒಂದಿದೆ: ಜರ್ಮನಿಯ ರೈಫಲ್ ತರಿಸಿದರೆ ಅಂಕ ಏರುತ್ತದೆಯೇ? ಏರಬಹುದು. ಆದರೆ ಲಕ್ಷಗಟ್ಟಲೆ ಸುರಿಯುವ ಮೊದಲು ಕ್ಲಬ್ಬಿನ ರೈಫಲನ್ನೇ ಮಗುವಿನ ಮೈಗೆ ಹೊಂದಿಸಿ ನೋಡಿ. 10 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ. ಕಣ್ಣಿನ ಬಳಿ ಇರುವ ಹಿಂದಿನ ಸೈಟ್ (ಗುರಿ ನೋಡುವ ರಂಧ್ರವಿರುವ ಸಾಧನ) 0.1 ಮಿ.ಮೀ. ಸರಿದರೆ ಸಾಕು, ಪೆಲೆಟ್ (ಪುಟ್ಟ ಗುಂಡು) ಒಂದು ಮಿ.ಮೀ.ಗೂ ಹೆಚ್ಚು ಆಚೆ ಬೀಳುತ್ತದೆ.

ತರಬೇತುದಾರರ ಎದುರಿನಲ್ಲೇ ಕೆಲಸ ಶುರುವಾಗಲಿ. ರೈಫಲ್ ಖಾಲಿ ಇರಬೇಕು, ನಳಿಗೆಯಲ್ಲಿ ಬಣ್ಣದ ಸುರಕ್ಷತಾ ದಾರ ತೂರಿಸಿರಬೇಕು.

ಮೊದಲು ಬಟ್‌ನ, ಅಂದರೆ ಭುಜಕ್ಕೆ ಆನಿಸುವ ಹಿಂಭಾಗದ, ಉದ್ದ. ಶೂಟಿಂಗ್ ಜಾಕೆಟ್ ತೊಟ್ಟೇ ಅಳೆಯಿರಿ. ಆ ದಪ್ಪ ಬಟ್ಟೆಯೇ ಅಳತೆಯನ್ನು ಬದಲಿಸುತ್ತದೆ. ಟ್ರಿಗರ್ ಮುಟ್ಟಲು ಮಗು ಭುಜ ಚಾಚುತ್ತಿದ್ದರೆ ಬಟ್ ಉದ್ದವಾಯಿತು. ಎನ್‌ಸಿಸಿಯಲ್ಲಿ ಮಲಗಿ .22 ರೈಫಲ್ ಹಾರಿಸಿ ರೂಢಿಯಾದವರು ನಿಂತಾಗಲೂ ಕತ್ತು ಮುಂದಕ್ಕೆ ಬಾಗಿಸುತ್ತಾರೆ. ಅಂಥವರಿಗೆ ಬಟ್ ಪ್ಲೇಟ್ (ಬಟ್ ತುದಿಯಲ್ಲಿ ಭುಜಕ್ಕೆ ತಾಗುವ ಫಲಕ) ತುಸು ಕೆಳಗಿಳಿಸಿ. ರೈಫಲ್ಲೇ ಮೇಲೆದ್ದು ಮುಖದ ಬಳಿ ಬರುತ್ತದೆ, ತಲೆ ನೆಟ್ಟಗೆ ನಿಲ್ಲುತ್ತದೆ.

ನನ್ನ ಮಟ್ಟಿಗೆ ಹೆಚ್ಚು ಸಮಯ ಕೊಡಬೇಕಾದದ್ದು ಕೆನ್ನೆ ಆನಿಸುವ ಭಾಗವಾದ ಚೀಕ್ ಪೀಸ್‌ಗೆ. ಮಗು ಕಣ್ಣು ಮುಚ್ಚಿ ರೈಫಲ್ ಎತ್ತಿ, ತಲೆಯ ಭಾರವನ್ನೆಲ್ಲ ಅದರ ಮೇಲೆ ಬಿಡಲಿ. ಆಮೇಲೆ ಕಣ್ಣು ತೆರೆಯಲಿ. ಹಿಂದಿನ ಸೈಟ್‌ನ ರಂಧ್ರದ ನಟ್ಟನಡುವೆ ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟ್‌ನ ಉಂಗುರ ಕಂಡರೆ ಎತ್ತರ ಸರಿ. ಉಂಗುರ ಹುಡುಕಲು ಕೆನ್ನೆ ಎತ್ತಬೇಕಾದರೆ ಚೀಕ್ ಪೀಸ್ ತಗ್ಗಾಗಿದೆ. ಕೆನ್ನೆ ಒತ್ತಿ ಹಿಡಿಯಬೇಕಾದರೆ ಅದು ಎತ್ತರವಾಗಿದೆ. ಎಡಬಲವನ್ನೂ ಹೀಗೆಯೇ ಪರೀಕ್ಷಿಸಿ. ಕತ್ತಿನ ಸ್ನಾಯು ಬಿಗಿದುಕೊಂಡಿದ್ದರೆ ಮೊದಲ ಹತ್ತು ಹೊಡೆತದಲ್ಲಿ ಗೊತ್ತಾಗುವುದಿಲ್ಲ. ಸ್ಪರ್ಧೆಯಲ್ಲಿ ಅರವತ್ತು ಹೊಡೆಯಬೇಕು. ಈಗಿನ ಅಲ್ಯೂಮಿನಿಯಂ ಸ್ಟಾಕ್‌ಗಳಲ್ಲಿ (ರೈಫಲ್ಲನ್ನು ಹಿಡಿಯುವ, ಭುಜಕ್ಕೆ ಆನಿಸುವ ಚೌಕಟ್ಟು) ಚೀಕ್ ಪೀಸ್ ಸರಿಸಲು ತಿರುಪು ತಿರುಗಿಸುವ ಅಲೆನ್ ಕೀ ಸಾಕು. ಹಳೆಯ ಮರದ ಸ್ಟಾಕ್ ಆದರೆ ಕಾರ್ಕ್ ಹಾಳೆಯ ಪದರಗಳನ್ನು ಟೇಪಿನಲ್ಲಿ ಸುತ್ತಿ ಎತ್ತರ ಗೊತ್ತುಮಾಡಿಕೊಳ್ಳಿ, ಬಳಿಕ ಮರದ ಪಟ್ಟಿ ಮಾಡಿಸಿ. ಬೀಟೆ ಮರದಲ್ಲಿ ಕುಸುರಿ ಕೆತ್ತುವ ಊರಿನಲ್ಲಿ ಇದನ್ನು ನುಣುಪಾಗಿ ಉಜ್ಜಿಕೊಡುವ ಕೈಗಳಿಗೆ ಬರವಿಲ್ಲ.

ಮುಂದಿನ ಸೈಟ್‌ನ ಉಂಗುರ ಅಗ್ಗದ ವಸ್ತು, ಆದರೆ ಆಯ್ಕೆ ತಪ್ಪುವುದು ಇಲ್ಲಿಯೇ ಹೆಚ್ಚು. ಗುರಿಯ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ.; ಹತ್ತು ಮೀಟರ್ ದೂರದಿಂದ ಅದು ಉಂಗುರದೊಳಗೆ ಹಿಡಿಯುವಷ್ಟು ಚಿಕ್ಕದಾಗಿ ಕಾಣುತ್ತದೆ. ಕಿರಿದಾದ ಉಂಗುರ ಅದನ್ನು ಬಿಗಿಯಾಗಿ ಸುತ್ತುವರಿಯುವುದರಿಂದ ನಿಖರವೆಂಬ ಭ್ರಮೆ ಹುಟ್ಟುತ್ತದೆ. ಕೈ ಅಲುಗಿದಾಗಲೆಲ್ಲ ಮಗು ಗಾಬರಿಯಾಗಿ ಟ್ರಿಗರ್ ಎಳೆದುಬಿಡುತ್ತದೆ. ಕಪ್ಪಿನ ಸುತ್ತ ಬಿಳಿ ಧಾರಾಳವಾಗಿ ಕಾಣುವ, 4 ಮಿ.ಮೀ.ಗಿಂತ ದೊಡ್ಡ ಉಂಗುರದಿಂದ ಆರಂಭಿಸಿ.

ಟ್ರಿಗರ್ ಕಡೆಯಲ್ಲಿರಲಿ. ಏರ್ ಪಿಸ್ತೂಲಿನ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಒತ್ತಡ ಕಡ್ಡಾಯ. ಏರ್ ರೈಫಲ್ಲಿಗೆ ಅಂಥ ಮಿತಿ ಇಲ್ಲ. ಹಾಗೆಂದು ಹೊಸಬರಿಗೆ ಕೂದಲು ತಾಗಿದರೂ ಸಿಡಿಯುವಷ್ಟು ಹಗುರ ಮಾಡಿಕೊಡುವುದು ಸರಿಯಲ್ಲ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಮಾತ್ರ ತಾಗುವಂತೆ ಟ್ರಿಗರನ್ನು ಹಿಂದೆ ಮುಂದೆ ಸರಿಸಿದರೆ ಸದ್ಯಕ್ಕೆ ಸಾಕು.

ಒಮ್ಮೆಗೆ ಒಂದೇ ಭಾಗ ಬದಲಿಸಿ. ಹಳೆಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹತ್ತು ಪೆಲೆಟ್ ಹಾರಿಸಿ, ಅಂಕ ಬಿಟ್ಟು ರಂಧ್ರಗಳು ಎಷ್ಟು ಒತ್ತಾಗಿವೆ ಎಂದು ನೋಡಿ. ಎಲ್ಲ ಮುಗಿದ ಮೇಲೆ ರೈಫಲನ್ನು ತೂಗಿ. ಸೈಟ್ ಸೇರಿ 5.5 ಕೆ.ಜಿ. ಮೀರಿದರೆ ಸ್ಪರ್ಧೆಯ ತಪಾಸಣೆಯಲ್ಲಿ ಅದಕ್ಕೆ ಒಪ್ಪಿಗೆ ಸಿಗದು.