ಏರಿಯಾದಲ್ಲಿ ಹುಡ್ಗೀರ್ ಟೀಮ್ ಕಟ್ಟೋದು, ಕ್ಯಾಪ್ಟನ್‌ಗಳ್ನ ಬೆಳೆಸೋದು ಹೇಗೆ

ಬೆಂಗಳೂರಲ್ಲಿ ಹುಡ್ಗೀರ್ ಟೀಮ್ ಶುರು ಮಾಡ್ಬೇಕು ಅಂತಿದ್ರೆ ಜರ್ಸಿ ವಿಷ್ಯ ಆಮೇಲೆ ನೋಡ್ಕೊಳ್ಳಿ, ಮೊದ್ಲು ಟಾಯ್ಲೆಟ್ ಇರೋ, ಲೈಟ್ ಇರೋ, ಬಸ್ ಸ್ಟಾಪ್‌ಗೆ ಹತ್ರ ಇರೋ ಗ್ರೌಂಡ್ ಹುಡುಕಿ, ಯಾಕಂದ್ರೆ ಎಷ್ಟೋ ಹುಡ್ಗೀರು ಆಟ ಬಿಡೋದು ಇಷ್ಟ ಇಲ್ದೆ ಅಲ್ಲ, ಕತ್ಲಾದ್ಮೇಲೆ ಮನೆಗ್ ಹೋಗೋದ್ ಹೆಂಗೆ ಅನ್ನೋ ಚಿಂತೆಗೆ. ಅಪ್ಪ ಅಮ್ಮಂದಿರ್ನೂ ಒಂದ್ಸಲ ಪ್ರಾಕ್ಟೀಸ್‌ಗೆ ಕರೀರಿ. ಫಸ್ಟ್ ಏಡ್ ಕಿಟ್‌ನಲ್ಲಿ ಸ್ಯಾನಿಟರಿ ಪ್ಯಾಡ್ ಇರ್ಲಿ.

ವಾರ್ಮಪ್ ಬಿಡ್ಲೇಬೇಡಿ! ಓಡ್ತಾ ತಟ್ಟನೆ ತಿರುಗೋ, ಜಿಗಿಯೋ ಆಟಗಳಲ್ಲಿ ಮಂಡಿಯ ಎಸಿಎಲ್ (ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್) ಗಾಯ ಹುಡುಗ್ರಿಗಿಂತ ಹುಡ್ಗೀರಿಗೆ ಜಾಸ್ತಿ ಆಗುತ್ತೆ. ಫುಟ್‌ಬಾಲ್‌ಗೆ ಅಂತ ಮಾಡಿರೋ ಫಿಫಾ 11+ ವಾರ್ಮಪ್ಪು ಸುಮಾರು 20 ನಿಮಿಷದ್ದು, ಓಟ, ಸ್ಕ್ವಾಟ್, ಪ್ಲಾಂಕ್, ಬ್ಯಾಲೆನ್ಸ್, ಜಂಪ್ ಎಲ್ಲಾ ಇದೆ, ವಾರಕ್ಕೆ ಎರಡ್ಮೂರು ಸಲ ಮಾಡ್ಸಿ. ಜಿಗಿದು ಇಳಿಯುವಾಗ ಮಂಡಿ ಒಳಗಡೆ ವಾಲಿದ್ರೆ ಅಲ್ಲೇ ನಿಲ್ಸಿ ತಿದ್ದಿ.

ಇನ್ನು ಕ್ಯಾಪ್ಟನ್ಸಿ. ಜೋರಾಗ್ ಮಾತಾಡೋಳಿಗೇ ಯಾವಾಗ್ಲೂ ಕೊಡೋದು ನನ್ಗೆ ಸರಿ ಅನ್ಸಲ್ಲ, ಪ್ರತಿ ವಾರ ಒಬ್ಬೊಬ್ಬರಿಗೆ ಕೊಡಿ, ವಾರ್ಮಪ್ ಅವ್ಳೇ ನಡೆಸ್ಲಿ, ಫೀಲ್ಡ್ ಅವ್ಳೇ ಸೆಟ್ ಮಾಡ್ಲಿ, ಬ್ರೇಕಲ್ಲಿ ಕೋಚ್ ಬಾಯಿ ಮುಚ್ಕೊಂಡು ಮೊದ್ಲು ಅವ್ಳ ಮಾತು ಕೇಳ್ಬೇಕು. 1976ರಲ್ಲಿ ಭಾರತದ ಹೆಣ್ಮಕ್ಕಳ ಮೊದಲ ಕ್ರಿಕೆಟ್ ಟೆಸ್ಟ್ ನಡೆದಿದ್ದು ಇದೇ ಬೆಂಗಳೂರಲ್ಲಿ, ಕ್ಯಾಪ್ಟನ್ ನಮ್ಮ ಶಾಂತಾ ರಂಗಸ್ವಾಮಿ, ಇದನ್ನ ಹುಡ್ಗೀರಿಗೆ ಹೇಳಿ, ಹೆಮ್ಮೆ ಪಡ್ಲಿ. ಆ ವಾರದ ಕ್ಯಾಪ್ಟನ್ ತಗೊಂಡ ಡಿಸಿಷನ್ ತಪ್ಪಾದ್ರೆ ಎಲ್ಲರ ಮುಂದೆ ಬೈಬೇಡಿ, ಮ್ಯಾಚ್ ಮುಗಿದ್ಮೇಲೆ ಪಕ್ಕಕ್ಕೆ ಕರ್ದು "ಯಾಕಮ್ಮ ಹಂಗ್ ಮಾಡ್ದೆ?" ಅಂತ ಕೇಳಿ, ಪೂರ್ತಿ ಹೇಳೋವರ್ಗೂ ಕಾಯಿರಿ.