ಉಡುಗೊರೆಗೊಂದು ಪೀಚೆಕತ್ತಿ: ಚೇಲೆಯಿಂದ ಅಲಗಿನವರೆಗೆ

ಸೇನೆಯಿಂದ ನಿವೃತ್ತರಾದ ಕೊಡಗಿನ ಹಿರಿಯರೊಬ್ಬರಿಗೆ ಗೌರವವಾಗಿ ಕೊಡಲು ಒಂದು ಪೀಚೆಕತ್ತಿ (ಕೊಡವರು ಸಾಂಪ್ರದಾಯಿಕ ಉಡುಪಿನ ಜತೆ ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿ) ಮಾಡಿಕೊಟ್ಟೆ. ಅದರ ವಿನ್ಯಾಸ, ಅಳತೆ, ಕೆಲಸದ ವಿವರ ಇಲ್ಲಿದೆ.

ಕತ್ತಿ ಮಾಡುವವರು ಸಾಮಾನ್ಯವಾಗಿ ಮೊದಲು ಅಲಗನ್ನು ಬರೆದುಕೊಳ್ಳುತ್ತಾರೆ, ಆಮೇಲೆ ಹಿಡಿ, ಕೊನೆಗೆ ಒರೆ. ಪೀಚೆಕತ್ತಿಗೆ ಈ ಕ್ರಮ ಒಗ್ಗುವುದಿಲ್ಲ. ಬೆನ್ನ ಹಿಂದೆ ಸೊಂಟಪಟ್ಟಿಯ ಲೋಹದ ಕೊಂಡಿಗೆ, ಅಂದರೆ ತೊಡಂಗಿಗೆ, ಸಿಕ್ಕಿಸುವ ಒಡಿಕತ್ತಿ ಕಡಿಯಲೆಂದೇ ಇರುವ ಆಯುಧ. ಪೀಚೆಕತ್ತಿ ಹಾಗಲ್ಲ, ಅದು ಉಡುಪಿನ ಭಾಗ. ಕುಪ್ಯದ (ಮೊಣಕಾಲುದ್ದದ ನಿಲುವಂಗಿ) ಮೇಲೆ ಸುತ್ತಿದ ಚೇಲೆಗೆ (ರೇಷ್ಮೆಯ ನಡುಪಟ್ಟಿ) ಮುಂದುಗಡೆ ಸಿಕ್ಕಿಸಿದಾಗ ಹೊರಗೆ ಕಾಣುವುದು ಹಿಡಿ, ಒರೆ ಮತ್ತು ಬೆಳ್ಳಿಯ ಸರಪಣಿ. ಪಡೆದವರು ಅದನ್ನು ಗಾಜಿನ ಕಪಾಟಿನಲ್ಲಿಟ್ಟರೆ ಗೌರವ ಅರ್ಧಕ್ಕೇ ನಿಂತಂತೆ. ಮದುವೆಗೆ, ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ, ಸುಗ್ಗಿಯ ಹಬ್ಬ ಪುತ್ತರಿಗೆ ಅದು ಅವರ ಸೊಂಟದಲ್ಲಿರಬೇಕು. ಅದಕ್ಕೇ ನಕ್ಷೆಯನ್ನು ಚೇಲೆಯಿಂದ ಶುರುಮಾಡಿ ಒರೆಗೆ, ಒರೆಯಿಂದ ಹಿಡಿಗೆ, ಹಿಡಿಯಿಂದ ಅಲಗಿಗೆ ತಂದೆ.

ಮೊದಲು ದಪ್ಪ ರಟ್ಟು ಮತ್ತು ಥರ್ಮೊಕೋಲಿನಲ್ಲಿ ಪೂರ್ಣ ಅಳತೆಯ ಮಾದರಿ ಮಾಡಿಸಿ, ಚೇಲೆ ಸುತ್ತಿ, ಸಿಕ್ಕಿಸಿ, ಕೂತು, ಬಗ್ಗಿ ನೋಡಬೇಕು. ಒರೆಯೂ ಹಿಡಿಯೂ ಸೇರಿ 300 ಮಿಲಿಮೀಟರ್ ದಾಟಿದರೆ ಕೂತಾಗ ಒರೆಯ ತುದಿ ತೊಡೆಗೆ ಒತ್ತುತ್ತದೆ, ಹಿಡಿ ಪಕ್ಕೆಲುಬಿಗೆ ತಾಗುತ್ತದೆ. ನಾನು ಇಟ್ಟುಕೊಂಡದ್ದು ಒರೆ 195, ಹಿಡಿ 105 ಮಿಲಿಮೀಟರ್. ಒರೆಯ ದಪ್ಪ 20 ಮಿಲಿಮೀಟರ್ ಮೀರಬಾರದು, ಮೀರಿದರೆ ಚೇಲೆಯ ಸುತ್ತು ಸಡಿಲವಾಗಿ ಕತ್ತಿ ಮುಂದಕ್ಕೆ ವಾಲುತ್ತದೆ. ಹಳೆಯ ಪೀಚೆಕತ್ತಿಗಳ ಹಿಡಿ ತುದಿಯಲ್ಲಿ ಅಗಲವಾಗಿ ಅರಳಿರುತ್ತದೆ, ಕೆಲವದರಲ್ಲಿ ಗಿಳಿಯ ತಲೆಯಂತೆ ಬಾಗಿರುತ್ತದೆ. ಆ ಅರಳು ಬರೀ ಅಲಂಕಾರವಲ್ಲ. ಚೇಲೆಯೊಳಗೆ ಬಿಗಿಯಾಗಿ ಕೂತ ಕತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಸೆಳೆಯಲು ಅದೇ ಆಸರೆ. ತುದಿಯಲ್ಲಿ 45 ಮಿಲಿಮೀಟರ್ ಅಗಲ, ಕುತ್ತಿಗೆಯಲ್ಲಿ 24 ಇಟ್ಟರೆ ಹಿರಿಯರ ಬೆರಳಿಗೂ ಸಲೀಸು.

ಇಷ್ಟಾದ ಮೇಲೆ ಅಲಗಿಗೆ ಉಳಿದದ್ದು 170 ಮಿಲಿಮೀಟರ್ ಉದ್ದ, ಅತಿ ಅಗಲವಾದ ಕಡೆ 36. ಬೆನ್ನು ಬುಡದಲ್ಲಿ 5, ತುದಿಯ ಹತ್ತಿರ 3. ಒಂದೇ ಕಡೆ ಹರಿತ. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಬೇರೆಯಾಗಿಯೇ ನೋಡುತ್ತವೆ, ಈ ಅಳತೆ ಅದರೊಳಗೆ ನೆಮ್ಮದಿಯಾಗಿ ನಿಲ್ಲುತ್ತದೆ.

ಉಕ್ಕಿಗೆ ಲಾರಿಯ ಕಮಾನು ಪಟ್ಟಿ ಸಾಕು. ಆದರೆ ವರ್ಷಗಟ್ಟಲೆ ಓಡಿದ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದು ಹದ ಹಾಕುವಾಗ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವಾಗ, ಬಾಯಿ ಬಿಡುತ್ತದೆ. ಉಡುಗೊರೆಯ ಕತ್ತಿಗೆ ಅಂಥ ಅನುಮಾನ ಬೇಡ, ಬಳಸದ ಇಎನ್ 45 (ಕಮಾನು ಉಕ್ಕಿನ ಒಂದು ದರ್ಜೆ) ಪಟ್ಟಿಯನ್ನೇ ಖರೀದಿ ರಸೀದಿ ಸಮೇತ ತರುವುದು ಒಳ್ಳೆಯದು. ಒಂದು ತುಂಡು ಕತ್ತರಿಸಿ ಮೊದಲು ಪರೀಕ್ಷೆ ಮಾಡಿ: ಕಾಯಿಸಿ, ಎಣ್ಣೆಗೆ ಹಾಕಿ, ವೈಸ್‌ನಲ್ಲಿ ಹಿಡಿದು ಮುರಿಯಿರಿ. ಮುರಿದ ಮುಖ ನುಣುಪಾದ ಬೂದು ಬಣ್ಣಕ್ಕಿದ್ದರೆ ಶಾಖ ಸರಿ. ಸಕ್ಕರೆಯಂತೆ ಹೊಳೆಯುವ ಕಣ ಕಂಡರೆ ಅತಿಯಾಗಿ ಕಾದಿದೆ.

ಕುಲುಮೆಯಲ್ಲಿ ಬಡಿದು ಆಕಾರಕ್ಕೆ ತಂದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಡಬೇಕು, ಪ್ರತಿ ಸಲವೂ ಹಿಂದಿನದಕ್ಕಿಂತ ತುಸು ಕಡಿಮೆ ಶಾಖಕ್ಕೆ. ಬಡಿತದ ಒತ್ತಡ ಇಳಿಯದೆ ಹದ ಹಾಕಿದರೆ ಅಲಗು ಸೊಟ್ಟಗಾಗುವುದು ಖಚಿತ. ಈ ಉಕ್ಕಿನಲ್ಲಿ ಸಿಲಿಕಾನ್ ಹೆಚ್ಚು, ಬೆಂಕಿಯಲ್ಲಿ ಮೇಲ್ಪದರದ ಇಂಗಾಲ ಬೇಗ ಸುಟ್ಟುಹೋಗುತ್ತದೆ. ಹಾಗಾಗಿ ಅಂಚನ್ನು ತೆಳ್ಳಗೆ ಮಾಡದೆ 1 ಮಿಲಿಮೀಟರ್ ದಪ್ಪ ಉಳಿಸಿ, ಎರಡೂ ಮುಖದಲ್ಲಿ ಅರ್ಧ ಅರ್ಧ ಮಿಲಿಮೀಟರ್ ಹೆಚ್ಚು ಬಿಡಬೇಕು. ಹದ ಹಾಕಿದ ಮೇಲೆ ಅಷ್ಟನ್ನು ಉಜ್ಜಿ ತೆಗೆದರೆ ಗಟ್ಟಿ ಉಕ್ಕು ಸಿಗುತ್ತದೆ. ಉಜ್ಜದೆ ಬಿಟ್ಟರೆ ಕತ್ತಿ ಹೊಳೆಯುತ್ತದೆ, ಹರಿತ ಮಾತ್ರ ನಿಲ್ಲುವುದಿಲ್ಲ.

ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದು ನಿಲ್ಲುತ್ತದೆ. ಅಲ್ಲಿಗೇ ತೆಗೆಯಬೇಡಿ, ಬಣ್ಣ ಇನ್ನೂ ಒಂದೆರಡು ಮೆಟ್ಟಿಲು ತಿಳಿಯಾಗಿ ಕಿತ್ತಳೆಯತ್ತ ತಿರುಗಬೇಕು. ಎಣ್ಣೆ 50-60 ಡಿಗ್ರಿ ಬೆಚ್ಚಗಿರಲಿ. ತಣ್ಣನೆಯ ಎಣ್ಣೆ ಮಂದವಾಗಿದ್ದು ಅಲಗಿನ ಸುತ್ತ ಸರಿಯಾಗಿ ಹರಿಯುವುದಿಲ್ಲ. ತುದಿ ಕೆಳಗೆ ಮಾಡಿ ನೇರ ಇಳಿಸಿ, ಅಂಚು-ಬೆನ್ನಿನ ದಿಕ್ಕಿನಲ್ಲಿ ಮಾತ್ರ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಒಂದು ಮುಖ ಬೇಗ ಆರಿ ಬಾಗುತ್ತದೆ. ಆರಿದ ಮೇಲೆ ಅರ ಎಳೆದಾಗ ಕಚ್ಚದೆ ಜಾರಿದರೆ ಹದ ಬಿದ್ದಿದೆ. ಆಗ ಉಕ್ಕು ಪೆಡಸಾಗಿರುತ್ತದೆ, ಅದು ಇಳಿಯಲು ಕೂಡಲೇ 210 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಕಾಯಿಸಬೇಕು. ಅಡುಗೆಮನೆಯ ಒವನ್ ಆಗಬಹುದು, ಆದರೆ ಅದರ ಗುಂಡಿಯನ್ನು ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಿ. ಹಿಡಿಯೊಳಗೆ ಹೋಗುವ ಬಾಲಕ್ಕೆ ಹದ ಬೇಡ, ಅದು ಮೆತ್ತಗಿದ್ದರೇ ಮುರಿಯುವುದಿಲ್ಲ.

ಹಿಡಿಗೆ ಆನೆದಂತವೂ ಜಿಂಕೆ ಕೊಂಬೂ ಕೂಡದು, ವನ್ಯಜೀವಿ ಕಾಯ್ದೆ ಅವುಗಳ ವ್ಯಾಪಾರವನ್ನು ನಿಷೇಧಿಸಿದೆ. ಬೀಟೆ ಮರದ ಹಿಡಿಯ ಗಾಂಭೀರ್ಯ ಬೇರೆಯೇ, ಆದರೆ ಮರದ ಮೂಲಕ್ಕೆ ದಾಖಲೆ ಇರಲಿ. ಬೀಟೆಯಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಾಕುವ ಮುಂಚೆ ಅಸಿಟೋನ್‌ನಲ್ಲಿ ಒರೆಸದಿದ್ದರೆ ಹಿಡಿದಂತೆ ಕಂಡು ಕೆಲವು ತಿಂಗಳಲ್ಲಿ ಬಿಡುತ್ತದೆ. ನಿಧಾನವಾಗಿ ಕೂರುವ ಎಪಾಕ್ಸಿಯ ಜತೆಗೆ 3 ಮಿಲಿಮೀಟರಿನ ಹಿತ್ತಾಳೆ ಕಡ್ಡಿಯನ್ನು ಬಾಲದ ಮೂಲಕ ಅಡ್ಡ ಹಾಯಿಸಿದೆ. ಅದರ ತೂತನ್ನು ಹದಕ್ಕೆ ಮುಂಚೆಯೇ ಕೊರೆದುಕೊಂಡರೆ ಕೆಲಸ ಸುಲಭ.

ಒರೆಗೆ ಹಲಸಿನ ಮರ. ಹಗುರ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಎರಡು ಹೋಳಾಗಿ ಸೀಳಿ, ಅಲಗಿನ ಗುರುತು ಹಾಕಿ, ಸುತ್ತ ಅರ್ಧ ಮಿಲಿಮೀಟರ್ ಜಾಗ ಬಿಟ್ಟು ತೋಡಬೇಕು. ಕೊಡಗಿನ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಒರೆ ಆಷಾಢಕ್ಕೆ ಕತ್ತಿಯನ್ನು ಬಿಡುವುದೇ ಇಲ್ಲ. ಹಿಡಿತ ಒರೆಯ ಬಾಯಲ್ಲಿ 15 ಮಿಲಿಮೀಟರಿನಷ್ಟು ಮಾತ್ರ ಇರಲಿ, ಉಳಿದ ಉದ್ದಕ್ಕೆ ಅಲಗು ಮರಕ್ಕೆ ತಾಗಬಾರದು. ಒಳಗೆ ಚರ್ಮ ಅಂಟಿಸುವವರಿದ್ದಾರೆ. ಹದ ಮಾಡಿದ ಚರ್ಮದಲ್ಲಿ ಉಳಿದ ರಾಸಾಯನಿಕ ತೇವಕ್ಕೆ ಸೇರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬರೀ ಮರವೇ ಮೇಲು.

ಬೆಳ್ಳಿ ಕೆಲಸವನ್ನು ಅಕ್ಕಸಾಲಿಗರ ಜತೆ ಕೂತು ಮಾಡಿಸಬೇಕು. 92.5ರ ಬೆಳ್ಳಿ, 0.5 ಮಿಲಿಮೀಟರ್ ತಗಡು. ಒರೆಯ ಬಾಯಿ, ಒರೆಯ ತುದಿ ಮತ್ತು ಹಿಡಿಯ ಅರಳಿಗೆ ಸೇರಿ ಸುಮಾರು 50 ಗ್ರಾಂ, ಸರಪಣಿಗೆ 25 ಗ್ರಾಂ. ಚಿತ್ತಾರಕ್ಕೆ ತೋಕ್‌ಪೂವನ್ನೇ ಆರಿಸಿದೆ. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಮುಡಿಸುವ ಹೂವದು, ಸೈನಿಕರಿಗೆ ಅದಕ್ಕಿಂತ ಹೊಂದುವುದು ಬೇರೆ ಯಾವುದಿದೆ? ಅದರ ಆರು ಎಸಳು ಹಿಂದಕ್ಕೆ ಬಾಗಿ, ಅಂಚು ಅಲೆಯಲೆಯಾಗಿರುತ್ತದೆ. ಎಸಳಿನ ನಡುಗೆರೆಯನ್ನು ಮೊದಲು ಹಿಂದಿನಿಂದ ಉಬ್ಬಿಸಿ, ಅಂಚಿನ ಅಲೆಯನ್ನು ಮುಂದಿನಿಂದ ಒತ್ತಿದರೆ ಮಾತ್ರ ಹೂ ಜೀವಂತ ಕಾಣುತ್ತದೆ. ತಗಡನ್ನು ಅರಗಿನ ಮೇಲೆ ಕೂರಿಸಿ ಬಡಿಯುವಾಗ ಬೆಳ್ಳಿ ಗಡುಸಾಗುತ್ತಾ ಹೋಗುತ್ತದೆ. ನಡುನಡುವೆ ಮಂದ ಕೆಂಪಿಗೆ ಕಾಯಿಸದಿದ್ದರೆ ಎಸಳಿನ ತುದಿಯಲ್ಲೇ ಹರಿಯುತ್ತದೆ. ಬಿಳಿಗಾರ ಹಾಕಿ ಮಾಡುವ ಬೆಸುಗೆಯೆಲ್ಲ ಮರಕ್ಕೆ ತೊಡಿಸುವ ಮುಂಚೆಯೇ ಮುಗಿದಿರಬೇಕು. ತೊಡಿಸಿದ ಮೇಲೆ ಬೆಂಕಿ ತಾಗಿಸುವಂತಿಲ್ಲ, ಸಣ್ಣ ಬೆಳ್ಳಿ ಮೊಳೆಗಳೇ ಗತಿ.

ಗೌರವದ ಮಾತು ಎಲ್ಲಿ ಬರೆಯಬೇಕು? ಅಲಗಿನ ಮೇಲೆ ಹೆಸರು, ದಿನಾಂಕ, ಭಾವಚಿತ್ರ ಕೆತ್ತಿಸಿದರೆ ಪೀಚೆಕತ್ತಿ ಸ್ಮರಣಿಕೆಯ ಫಲಕವಾಗಿಬಿಡುತ್ತದೆ, ಹಬ್ಬಕ್ಕೆ ಸಿಕ್ಕಿಸಿಕೊಳ್ಳಲು ಮನಸ್ಸು ಬರುವುದಿಲ್ಲ. ಸೇವೆಗೆ ಸೇರಿದ ಮತ್ತು ಬಿಟ್ಟ ವರ್ಷಗಳನ್ನು ಒರೆಯ ಬಾಯಿಯ ಹಿಂಬದಿಗೆ, ದೇಹಕ್ಕೆ ತಾಗುವ ಕಡೆ, 2 ಮಿಲಿಮೀಟರ್ ಅಕ್ಷರದಲ್ಲಿ ಕೊರೆಸಿದೆ. ರೆಜಿಮೆಂಟಿನ ಬ್ಯಾಡ್ಜನ್ನು ಹಾಗೇ ನಕಲು ಮಾಡಿಸಬೇಡಿ. ಹಲವು ಬ್ಯಾಡ್ಜ್‌ಗಳಲ್ಲಿ ಅಶೋಕ ಸಿಂಹಗಳಿರುತ್ತವೆ, ರಾಷ್ಟ್ರ ಲಾಂಛನದ ಬಳಕೆಗೆ 2005ರ ಕಾಯ್ದೆಯ ಕಟ್ಟುಪಾಡಿದೆ.

ನಿಜವಾದ ಜಾಗ ಇರುವುದು ಸರಪಣಿಯಲ್ಲಿ. ಪೀಚೆಕತ್ತಿಯ ಸರಪಣಿಗೆ ಹಿಂದಿನಿಂದಲೂ ಚಿಮಟ, ಕಿವಿ ಕಡ್ಡಿ, ಉಗುರು ಶುಚಿ ಮಾಡುವ ಕಡ್ಡಿಯಂಥ ಪುಟ್ಟ ಉಪಕರಣಗಳನ್ನು ಜೋತುಬಿಡುತ್ತಾರೆ. ಈ ಹಿರಿಯರು ಹಾಕಿ ಆಟಗಾರರೂ ಹೌದು. 1997ರಿಂದ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುವ ನಾಡಿನಲ್ಲಿ ಅದನ್ನು ಹೇಗೆ ಬಿಡುವುದು? ಕಿವಿ ಕಡ್ಡಿಯನ್ನೇ 45 ಮಿಲಿಮೀಟರಿನ ಹಾಕಿ ಸ್ಟಿಕ್ ಆಗಿಸಿದೆ: 2 ಮಿಲಿಮೀಟರ್ ಬೆಳ್ಳಿ ಕಂಬಿಯ ತುದಿಯನ್ನು ಚಪ್ಪಟೆಗೆ ಬಡಿದು, ಕೊಕ್ಕೆಯಂತೆ ಬಗ್ಗಿಸಿ, ಒಂದು ಮುಖ ಸಮತಟ್ಟು, ಇನ್ನೊಂದು ದುಂಡಗೆ, ನಿಜವಾದ ಸ್ಟಿಕ್‌ನಂತೆಯೇ. ದೂರದಿಂದ ನೋಡಿದರೆ ಎಂದಿನ ಕಿವಿ ಕಡ್ಡಿ. ಉಂಗುರದ ಬಾಯಿಗಳನ್ನೆಲ್ಲ ಬೆಸುಗೆ ಹಾಕಿ ಮುಚ್ಚಿಸಿ, ಇಲ್ಲವಾದರೆ ಚೇಲೆಯ ರೇಷ್ಮೆ ಎಳೆ ಸಿಕ್ಕಿ ಹರಿಯುತ್ತದೆ.

ಕೊಡುವಾಗ ಒಂದು ಚೀಟಿ ಜತೆಗಿರಲಿ: ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ ಒರೆಸಬೇಕು, ಕೊಬ್ಬರಿ ಎಣ್ಣೆ ಬೇಡ. ಬೆಳ್ಳಿಯನ್ನು ರಬ್ಬರ್ ತಾಗದಂತೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲೇ ಹಾಕಬೇಕು.