ರೂಟರ್ ಕೂರಿಸುವ ಮುನ್ನ ಅರ್ಥ್ ಗುಂಡಿಗೆ ನೀರು

ಅಂಗಡಿ, ಕಚೇರಿಗಳಲ್ಲಿ ಮೂರು ಪಿನ್ನಿನ, ಲೋಹದ ಪೆಟ್ಟಿಗೆಯ ರೂಟರ್ ಕೂರಿಸುವವರು ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಸಾಕೆಟ್ಟಿನ ನ್ಯೂಟ್ರಲ್ (ವಿದ್ಯುತ್ ಮರಳುವ ತಂತಿ) ಮತ್ತು ಅರ್ಥ್ (ನೆಲಕ್ಕೆ ಇಳಿಯುವ ತಂತಿ) ನಡುವೆ ಅಳೆಯಿರಿ. 2-3 ವೋಲ್ಟ್‌ನೊಳಗಿದ್ದರೆ ಸರಿ. 10, 15 ತೋರಿಸಿದರೆ ಅರ್ಥ್ ಗುಂಡಿಗೆ, ಅಂದರೆ ಅರ್ಥ್ ತಂತಿ ಮಣ್ಣಿಗೆ ಸೇರುವ ಗುಂಡಿಗೆ, ನಾಲ್ಕು ಬಿಂದಿಗೆ ನೀರು ಸುರಿದು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ನಮ್ಮ ಕೋಲಾರದ ಕಡೆ ಏಪ್ರಿಲ್ ಹೊತ್ತಿಗೆ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ತುಂಬುವುದೂ ತೇವ ನಿಲ್ಲಲಿ, ವಿದ್ಯುತ್ ಹರಿಯಲಿ ಎಂದೇ. ನೀರು ಹಾಕಿದರೂ ಅಂಕಿ ಇಳಿಯದಿದ್ದರೆ ಅರ್ಥ್ ತಂತಿ ತುಕ್ಕು ಹಿಡಿದಿರಬಹುದು, ಇಲ್ಲವೇ ನ್ಯೂಟ್ರಲ್ ಸಡಿಲವಾಗಿರಬಹುದು. ಅದಕ್ಕೆ ಎಲೆಕ್ಟ್ರಿಷಿಯನ್ನರೇ ಬೇಕು. ಫ್ಯಾನು, ಮಿಕ್ಸಿ ಓಡುತ್ತಿದ್ದಾಗಲೂ ಸೊನ್ನೆಯೇ ತೋರಿಸಿದರೆ ಸಂತೋಷಪಡಬೇಡಿ: ಸಾಕೆಟ್ಟಿನೊಳಗೆ ಯಾರೋ ಪುಣ್ಯಾತ್ಮರು ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ತಂತಿ ಜೋಡಿಸಿರಬಹುದು. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ರೂಟರಿನ ಪೆಟ್ಟಿಗೆಗೇ 230 ವೋಲ್ಟ್ ಬರುತ್ತದೆ. ಮನೆಯ ಪುಟ್ಟ ರೂಟರಿಗೆ, ಅಂದರೆ ಎರಡು ಪಿನ್ನಿನ 12 ವೋಲ್ಟ್ ಅಡಾಪ್ಟರಿನದಕ್ಕೆ, ಈ ಯಾವ ಕಸರತ್ತೂ ಬೇಡ. ಅಡಾಪ್ಟರಿನ ಮೇಲಿನ ವೋಲ್ಟ್ ರೂಟರಿನಡಿಯ ಚೀಟಿಯಲ್ಲಿರುವಷ್ಟೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ. ಸಿಡಿಲಿಗೆ ಮಾತ್ರ ಒಳ್ಳೆಯ ಅರ್ಥ್ ಕೂಡ ಪೂರ್ತಿ ಉತ್ತರವಲ್ಲ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಮಹಡಿಯ ಕ್ಯಾಮೆರಾದಿಂದ ಇಳಿದು ಬರುವ ಲ್ಯಾನ್ ತಂತಿಯನ್ನೂ ಕೀಳಿ.